ಹಿತ್ತಲ ಸಸಿಮಡಿಯಲ್ಲಿ ತೋರುವ ಹೊಸ ಭೇದಗಳು: ಅವುಗಳನ್ನು ಗುರುತಿಸಿ ತಳಿಯಾಗಿ ಉಳಿಸಿಕೊಳ್ಳುವ ಕ್ರಮ

ಮುಂಗಾರಿನ ಮಳೆ ಬಿದ್ದು ಸಸಿಮಡಿಯು ಹಸುರಾದ ಮೇಲೆ ಅದನ್ನು ಬಗ್ಗಿ ನೋಡುವ ಅಭ್ಯಾಸವುಳ್ಳ ಹಿಡುವಳಿದಾರನಿಗೆ ಒಂದು ಸಂಗತಿಯು ತಿಳಿದೇ ಇರುತ್ತದೆ. ಒಂದೇ ಗುಡಾಣದ ಬೀಜದಿಂದ ಒಂದೇ ದಿನ ಎದ್ದ ನೂರಾರು ಸಸಿಗಳ ನಡುವೆ ಒಂದೋ ಎರಡೋ ಮಿಕ್ಕವುಗಳಂತೆ ಇರುವುದಿಲ್ಲ. ಒಂದರ ಎಲೆ ಅಗಲ. ಇನ್ನೊಂದರ ಕಾಂಡ ಕೆಂಪು. ಮತ್ತೊಂದು ಗಿಡ್ಡಾಗಿ ಬೇಗನೆ ಹೂವಾಗುತ್ತದೆ. ಇಂಥ ಗಿಡಕ್ಕೆ ಸಾಮಾನ್ಯವಾಗಿ ಎರಡರಲ್ಲೊಂದು ಗತಿಯು ಒದಗುತ್ತದೆ. ಬೆರಕೆಯೆಂದು ಅದನ್ನು ಕಳೆಯೊಡನೆ ಕಿತ್ತೆಸೆಯುತ್ತಾರೆ. ಇಲ್ಲವೆ ಅದರ ಕಾಯನ್ನು ನೋಡಿ ಸಂತೋಷಪಟ್ಟು, ಕೊನೆಗೆ ಅದರ ಬೀಜವನ್ನು ಮಿಕ್ಕ ಬೀಜದ ರಾಶಿಗೇ ಸೇರಿಸಿಬಿಡುತ್ತಾರೆ. ಎರಡರಲ್ಲಿ ಯಾವುದಾದರೂ ಗಿಡವು ನಷ್ಟವಾದಂತೆಯೇ. ಅಂಥ ಗಿಡವು ಮತ್ತೆ ಆ ಹಿತ್ತಲಲ್ಲಿ ಹುಟ್ಟುವುದೆಂಬ ಭರವಸೆಯೇನೂ ಇಲ್ಲ.

ಈ ನಷ್ಟವನ್ನು ತಪ್ಪಿಸುವ ಕ್ರಮವು ಕಷ್ಟವಾದುದಲ್ಲ. ಅದಕ್ಕೆ ಹಣವೂ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಒಂದು ಗಿಡದ ಬೀಜವನ್ನು ಒಂದಾಗಿಯೇ ಇಟ್ಟು, ಒಂದಾಗಿಯೇ ಬಿತ್ತಿ, ಅದರ ಸಂತತಿಯನ್ನು ತಾಯಿತಳಿಯ ಪಕ್ಕದಲ್ಲಿ ನಿಲ್ಲಿಸಿ ನೋಡುವ ತಾಳ್ಮೆಯೊಂದಿದ್ದರೆ ಸಾಕು. ಆ ಕ್ರಮವನ್ನೂ, ಅದರಲ್ಲಿ ಆಗುವ ತಪ್ಪುಗಳನ್ನೂ ಈ ಕರಪತ್ರದಲ್ಲಿ ವಿವರಿಸಲಾಗಿದೆ.

೧. ಒಂದೇ ಗಿಡದಿಂದ ತಳಿ ಹುಟ್ಟಿದ ನಿದರ್ಶನಗಳು

ಇಂಗ್ಲೆಂಡಿನ ಷರ್ಲಿ ಎಂಬ ಗ್ರಾಮದಲ್ಲಿ ವಿಲ್ಕ್ಸ್ ಎಂಬ ಪಾದ್ರಿಗಳಿದ್ದರು. ಅವರ ತೋಟದ ಮೂಲೆಯಲ್ಲಿ ಗಸಗಸೆಯ ಜಾತಿಗೆ ಸೇರಿದ ಕೆಂಪು ಕಾಡುಹೂವಿನ ಗಿಡಗಳು ತಾವಾಗಿಯೇ ಬೆಳೆದಿದ್ದವು. ೧೮೮೦ರಲ್ಲಿ ಅವುಗಳಲ್ಲಿ ಒಂದು ಹೂವಿನ ಎಸಳುಗಳಿಗೆ ಮಾತ್ರ ಸಣ್ಣ ಬಿಳಿಯ ಅಂಚು ಇದ್ದುದನ್ನು ಅವರು ಕಂಡರು. ಆ ಒಂದು ಹೂವಿನ ಬೀಜವನ್ನು ಬೇರೆಯಾಗಿ ಇಟ್ಟು ಮರುವರ್ಷ ಬಿತ್ತಲು, ಸುಮಾರು ಇನ್ನೂರು ಗಿಡಗಳಲ್ಲಿ ನಾಲ್ಕೈದರ ಹೂವುಗಳಿಗೆ ಮಾತ್ರ ಬಿಳಿಯ ಅಂಚು ಬಂದಿತು. ಇನ್ನೊಬ್ಬರಾಗಿದ್ದರೆ ಇಷ್ಟೇ ಫಲವೆಂದು ಕೈಬಿಡುತ್ತಿದ್ದರು. ಪಾದ್ರಿಗಳು ಆ ನಾಲ್ಕೈದು ಗಿಡಗಳ ಬೀಜವನ್ನೇ ಮತ್ತೆ ಬಿತ್ತಿ, ವರ್ಷವರ್ಷವೂ ಉತ್ತಮವಾದುವನ್ನು ಆರಿಸಿ, ಕಡೆಗೆ ತೆಳುಗೆಂಪು ಮತ್ತು ಬಿಳಿಯ ಬಣ್ಣಗಳ ಹೊಸ ಹೂವಿನ ತಳಿಯನ್ನು ಪಡೆದರು. ಅದು ಆ ಗ್ರಾಮದ ಹೆಸರಿನಿಂದಲೇ ಲೋಕದ ತೋಟಗಳಲ್ಲೆಲ್ಲ ಹರಡಿತು.

ಮೈಸೂರು ಸಂಸ್ಥಾನದ ಕಾಫಿ ಸೀಮೆಯಲ್ಲಿ ೧೯೧೧ರಲ್ಲಿ ನಡೆದುದೂ ಇದೇ ಬಗೆಯದು. ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೂಡಿಸಿ ಗಿಡವನ್ನು ಬರಿದುಮಾಡುವ ತುಕ್ಕು ರೋಗದಿಂದ ತೋಟಗಳು ನವೆಯುತ್ತಿದ್ದ ಕಾಲವದು. ಕೆಂಟ್ ಎಂಬ ತೋಟದ ಯಜಮಾನರು, ರೋಗ ತಗುಲಿದ ಗಿಡಗಳ ನಡುವೆ ಒಂದು ಗಿಡವು ಮಾತ್ರ ಹಸುರಾಗಿ ನಿಂತುದನ್ನು ಗುರುತಿಸಿ, ಅದರ ಬೀಜವನ್ನೇ ಬೇರೆಯಾಗಿ ಬೆಳೆಸಿದರು. ಅದು ಕೆಂಟ್ ತಳಿಯೆಂದು ಪ್ರಸಿದ್ಧವಾಗಿ ಅನೇಕ ತೋಟಗಳಿಗೆ ಆಸರೆಯಾಯಿತು.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯ ದಾದಾಜಿ ಖೋಬ್ರಾಗಡೆ ಎಂಬ ಸಣ್ಣ ಹಿಡುವಳಿದಾರರು ೧೯೮೩ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಮೂರು ತೆನೆಗಳ ಕಾಳು ಬಣ್ಣದಲ್ಲಿಯೂ ಆಕಾರದಲ್ಲಿಯೂ ಬೇರೆಯಾಗಿರುವುದನ್ನು ಕಂಡರು. ಅವನ್ನು ಬೇರೆಯಾಗಿ ಕಟ್ಟಿಟ್ಟು, ಮರುವರ್ಷ ಗದ್ದೆಯ ನಡುವೆ ಬಿತ್ತಿ, ದನಕರು ಕಾಡುಮೃಗಗಳು ಮೇಯದಂತೆ ಸುತ್ತಲೂ ಮುಳ್ಳು ಹೊದಿಸಿ ಕಾಪಾಡಿದರು. ಕೆಲವು ವರ್ಷಗಳಲ್ಲಿ ಅದು ಸಣ್ಣಕ್ಕಿಯ ಒಂದು ಉತ್ತಮ ತಳಿಯಾಗಿ ನಿಂತಿತು. ಅದನ್ನು ಕೊಂಡ ವರ್ತಕರು, ೧೯೬೧ರಿಂದ ಬೆಂಗಳೂರಿನಲ್ಲಿ ತಯಾರಾಗಿ ಆಗ ಎಲ್ಲರ ಕೈಯಲ್ಲಿಯೂ ಇದ್ದ ಎಚ್.ಎಂ.ಟಿ. ಗಡಿಯಾರದ ಹೆಸರನ್ನೇ ಅದಕ್ಕೆ ಇಟ್ಟರು. ೨೦೧೮ರಲ್ಲಿ ತೀರಿಕೊಂಡ ಈ ರೈತರು ಹೆಚ್ಚು ಓದಿದವರಲ್ಲ, ಹೆಚ್ಚು ಭೂಮಿಯುಳ್ಳವರೂ ಅಲ್ಲ. ಮೂರು ತೆನೆಗಳನ್ನು ರಾಶಿಗೆ ಸೇರಿಸದೆ ಹೋದುದೇ ಅವರ ವಿದ್ಯೆ.

೨. ಭೇದವು ಏಕೆ ಉಂಟಾಗುತ್ತದೆ

ಒಂದೇ ಮಡಿಯಲ್ಲಿ ಬೇರೆ ಗಿಡ ಕಂಡುಬರಲು ನಾಲ್ಕು ಕಾರಣಗಳಿವೆ. ಮೊದಲನೆಯದು ಬೆರಕೆ, ಕಣದಲ್ಲಿ, ಚೀಲದಲ್ಲಿ ಅಥವಾ ಗುಡಾಣದಲ್ಲಿ ಬೇರೆ ತಳಿಯ ಬೀಜವು ಸೇರಿರುವುದು. ಎರಡನೆಯದು ಸಂಕರ, ಹಿಂದಿನ ವರ್ಷ ದುಂಬಿ ಅಥವಾ ಗಾಳಿಯು ನೆರೆಯ ತಳಿಯ ಪರಾಗವನ್ನು ತಂದು ಹಾಕಿರುವುದು. ಮೂರನೆಯದು, ಮರೆಯಾಗಿದ್ದ ಗುಣವು ಮತ್ತೆ ಹೊರಬೀಳುವುದು. ನಾಲ್ಕನೆಯದು, ಹಿಂದೆ ಆ ವಂಶದಲ್ಲಿ ಇಲ್ಲದ ಗುಣವು ಹೊಸದಾಗಿ ಹುಟ್ಟುವುದು. ಇದನ್ನೇ ಉತ್ಪರಿವರ್ತನೆ ಎನ್ನುತ್ತಾರೆ.

ಉತ್ಪರಿವರ್ತನೆಯನ್ನು ಹೀಗೆ ತಿಳಿಯಬಹುದು. ಗಿಡದ ಗುಣಗಳೆಲ್ಲವೂ ಅದರ ಸೂಕ್ಷ್ಮ ಕಣಗಳಲ್ಲಿರುವ ವಂಶವಾಹಿಗಳೆಂಬ ಅಂಶಗಳಲ್ಲಿ ಅಡಗಿರುತ್ತವೆ. ಗಿಡ ಬೆಳೆಯುವಾಗ ಕಣವು ಎರಡಾಗುವ ಪ್ರತಿಸಲವೂ ಈ ಅಂಶಗಳ ನಕಲು ತೆಗೆಯಲ್ಪಡುತ್ತದೆ. ಜಮೀನಿನ ಲೆಕ್ಕದ ಪುಸ್ತಕವನ್ನು ಮತ್ತೆ ಮತ್ತೆ ನಕಲು ಮಾಡುವಾಗ ಎಲ್ಲೋ ಒಂದು ಅಂಕಿ ತಪ್ಪಿ, ಮುಂದಿನ ನಕಲುಗಳಲ್ಲೆಲ್ಲ ಆ ತಪ್ಪೇ ಮುಂದುವರಿಯುವಂತೆ, ಇಲ್ಲಿಯೂ ಅಪೂರ್ವವಾಗಿ ಒಂದು ತಪ್ಪು ನುಸುಳಿ ಸಂತತಿಯಲ್ಲಿ ಉಳಿಯುತ್ತದೆ. ಇಂಥ ಮಾರ್ಪಾಡುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲ. ಕಾಣುವವುಗಳಲ್ಲಿ ಹೆಚ್ಚಿನವು ಗಿಡಕ್ಕೆ ಕೇಡು. ಮಡಿಯಲ್ಲಿ ಆಗಾಗ ಪೂರ್ತಿ ಬಿಳಿಯಾಗಿ ಏಳುವ ಸಸಿಯೇ ಇದಕ್ಕೆ ಸಾಕ್ಷಿ. ಎಲೆಯಲ್ಲಿ ಹಸುರಿಲ್ಲದೆ ಗಿಡವು ಆಹಾರವನ್ನು ಮಾಡಿಕೊಳ್ಳಲಾರದು. ಬೀಜದೊಳಗಿನ ಸಂಗ್ರಹ ಮುಗಿದ ಕೂಡಲೆ ಅದು ಸಾಯುತ್ತದೆ. ಆದರೂ ನೂರು ಕೇಡುಗಳ ನಡುವೆ ಒಂದು ಲಾಭವೂ ಬರುವುದುಂಟು. ಅದನ್ನು ಹಿಡಿಯುವುದೇ ರೈತನ ಜಾಣತನ.

ಮರೆಯಾದ ಗುಣದ ನಿಯಮವನ್ನು ಮೊದಲು ಲೆಕ್ಕವಿಟ್ಟು ತೋರಿಸಿದವರು ಯೂರೋಪಿನ ಬ್ರನೊ ಪಟ್ಟಣದ ಮಠದಲ್ಲಿದ್ದ ಮೆಂಡೆಲ್ ಎಂಬ ಸನ್ಯಾಸಿಗಳು. ಅವರು ಮಠದ ತೋಟದಲ್ಲಿ ಬಟಾಣಿ ಬೆಳೆದು ೧೮೬೬ರಲ್ಲಿ ತಮ್ಮ ಪರೀಕ್ಷೆಗಳನ್ನು ಪ್ರಕಟಿಸಿದರು. ಗುಂಡು ಕಾಳಿನ ಬಟಾಣಿಗೂ ಸುಕ್ಕು ಕಾಳಿನದಕ್ಕೂ ಸಂಕರ ಮಾಡಿದಾಗ ಮೊದಲನೆಯ ಸಂತತಿಯಲ್ಲಿ ಎಲ್ಲವೂ ಗುಂಡು ಕಾಳೇ ಬಂದವು. ಅವನ್ನೇ ಬಿತ್ತಿ ಬೆಳೆದಾಗ ೫,೪೭೪ ಗುಂಡು ಕಾಳುಗಳೂ ೧,೮೫೦ ಸುಕ್ಕು ಕಾಳುಗಳೂ ದೊರೆತವು. ಅಂದರೆ ಸುಮಾರು ಮೂರಕ್ಕೆ ಒಂದರಂತೆ. ಸುಕ್ಕು ಗುಣವು ನಾಶವಾಗಿರಲಿಲ್ಲ, ಮರೆಯಾಗಿತ್ತು. ಹೊಸದಾಗಿ ಹುಟ್ಟುವ ಗುಣಗಳಲ್ಲಿಯೂ ಹೆಚ್ಚಿನವು ಈ ಮರೆಯಾಗುವ ಜಾತಿಯವು. ಆದ್ದರಿಂದ ಒಂದು ಸಂತತಿಯಲ್ಲಿ ಕಾಣದೆ ಹೋದ ಗುಣವನ್ನು ಹೋಗಿಯೇಬಿಟ್ಟಿತೆಂದು ತೀರ್ಮಾನಿಸತಕ್ಕದ್ದಲ್ಲ.

ಈ ನಾಲ್ಕು ಕಾರಣಗಳಲ್ಲಿ ಯಾವುದರಿಂದ ಭೇದವುಂಟಾಯಿತೆಂಬುದನ್ನು ಮಡಿಯ ಬಳಿ ನಿಂತು ಹೇಳಲು ವಿದ್ವಾಂಸರಿಗೂ ಆಗುವುದಿಲ್ಲ. ಹಾಲೆಂಡಿನ ಡಿ ವ್ರೀಸ್ ಎಂಬ ಪಂಡಿತರು ೧೮೮೬ರಲ್ಲಿ ಪಾಳುಬಿದ್ದ ಆಲೂಗೆಡ್ಡೆಯ ಹೊಲವೊಂದರಲ್ಲಿ ಕಾಡುಹೂವಿನ ಗಿಡಗಳ ಹೊಸ ರೂಪಗಳನ್ನು ಕಂಡು, ಅದರ ಮೇಲೆ ೧೯೦೧ರಿಂದ ಉತ್ಪರಿವರ್ತನೆಯ ಸಿದ್ಧಾಂತವನ್ನು ಪ್ರಕಟಿಸಿದರು. ಸಿದ್ಧಾಂತವು ಉಳಿಯಿತು, ಆದರೆ ಅವರು ಕಂಡ ರೂಪಗಳಲ್ಲಿ ಹೆಚ್ಚಿನವು ಹೊಸ ಗುಣ ಹುಟ್ಟಿದುದರಿಂದಲ್ಲ, ಹಳೆಯ ಅಂಶಗಳೇ ಬೇರೆ ರೀತಿಯಲ್ಲಿ ಜೋಡಣೆಯಾದುದರಿಂದ ಬಂದವೆಂದು ಮುಂದೆ ತಿಳಿಯಿತು. ಹಿಡುವಳಿದಾರನಿಗೆ ಕಾರಣದ ಹೆಸರು ಮುಖ್ಯವಲ್ಲ. ಗುಣವು ಬೀಜದ ಮೂಲಕ ಇಳಿದು ಬರುತ್ತದೆಯೇ, ಬಂದರೆ ಅದರಿಂದ ಪ್ರಯೋಜನವುಂಟೇ ಎಂಬ ಎರಡೇ ಪ್ರಶ್ನೆಗಳು ಮುಖ್ಯ.

೩. ಮೋಸಗೊಳಿಸುವ ತೋರಿಕೆಗಳು

ಬೇರೆಯಾಗಿ ಕಂಡ ಗಿಡಗಳಲ್ಲಿ ಬಹುಪಾಲು ನಿಜವಾದ ಭೇದಗಳಲ್ಲ. ಮೊದಲು ಈ ಕೆಳಗಿನವುಗಳನ್ನು ವಿಚಾರಿಸಿಕೊಳ್ಳತಕ್ಕದ್ದು.

ನೆಲದ ಫಲ: ತಿಪ್ಪೆಯ ಪಕ್ಕದ ಗಿಡವು ಎತ್ತರವಾಗಿಯೂ, ಗೋಡೆಯ ನೆರಳಿನ ಗಿಡವು ಸಣಕಲಾಗಿಯೂ, ಬಚ್ಚಲ ನೀರು ಹರಿಯುವಲ್ಲಿಯ ಗಿಡವು ಹಸುರಾಗಿಯೂ ಬೆಳೆಯುವುದು ಸಹಜ. ಒಂದೆಡೆಯ ನಾಲ್ಕಾರು ಗಿಡಗಳು ಒಂದೇ ರೀತಿಯಾಗಿ ಬದಲಾಗಿದ್ದರೆ ಅದು ನೆಲದ ಗುಣವೆಂದೇ ತಿಳಿಯಬೇಕು. ಸುತ್ತಲಿನ ಗಿಡಗಳೆಲ್ಲ ಒಂದೇ ಸಮನಾಗಿದ್ದು ನಡುವಿನ ಒಂದೇ ಗಿಡವು ಬೇರೆಯಾಗಿದ್ದರೆ ಆಗ ಗಮನಿಸತಕ್ಕದ್ದು.

ರೋಗದ ಫಲ: ಬೆಂಡೆಯ ಎಲೆಯಲ್ಲಿ ನರಗಳು ಹಳದಿಯಾಗಿ ಬಲೆ ಹೆಣೆದಂತೆ ಕಾಣುವುದು ಚೆಲುವಾದ ಹೊಸ ಬಣ್ಣವಲ್ಲ, ಬಿಳಿ ನೊಣದಿಂದ ಹರಡುವ ನಂಜು ರೋಗ. ಬದನೆಯ ಗಿಡವು ಪೊದೆಯಂತಾಗಿ ಎಲೆಗಳು ಚಿಕ್ಕವಾಗಿ ಕಾಯಿ ಕಟ್ಟದಿರುವುದು, ಎಳ್ಳಿನ ಹೂವುಗಳು ಎಲೆಗಳಾಗಿ ಮಾರ್ಪಡುವುದು, ಇವೂ ಜಿಗಿಹುಳುಗಳು ಹರಡುವ ರೋಗಗಳೇ. ಇಂಥ ಗಿಡವನ್ನು ಕುತೂಹಲದಿಂದ ಉಳಿಸಿಕೊಂಡರೆ ಮಿಕ್ಕ ಬೆಳೆಗೆ ಕೇಡು. ಆರಂಭದಲ್ಲಿ ಸರಿಯಾಗಿದ್ದು ನಡುವೆ ಕೆಟ್ಟ ಗಿಡ, ದಿನಕ್ಕೊಂದರಂತೆ ನೆರೆಯ ಗಿಡಗಳಿಗೂ ಹರಡುವ ಚಿಹ್ನೆ, ಇವು ರೋಗದ ಗುರುತುಗಳು. ಅವನ್ನು ಕಿತ್ತು ಸುಡತಕ್ಕದ್ದು.

ಕೊಂಡ ಬೀಜದ ಫಲ: ಅಂಗಡಿಯಲ್ಲಿ ದೊರೆಯುವ ಸಂಕರ ಬೀಜದ ಟೊಮೇಟೊ, ಮೆಣಸಿನಕಾಯಿ, ಬದನೆಗಳು ಮೊದಲ ವರ್ಷ ಒಂದೇ ಸಮನಾಗಿರುತ್ತವೆ. ಅವುಗಳಿಂದ ಮನೆಯಲ್ಲಿ ತೆಗೆದ ಬೀಜವನ್ನು ಬಿತ್ತಿದರೆ ಮರುವರ್ಷ ಹತ್ತಾರು ಬಗೆಯ ಗಿಡಗಳು ಹುಟ್ಟುತ್ತವೆ. ಇದು ಮರೆಯಾಗಿದ್ದ ಗುಣಗಳು ಬಿಡಿಯಾಗುವುದೇ ಹೊರತು ಹೊಸ ಹುಟ್ಟಲ್ಲ. ಅಂಥವುಗಳಿಂದಲೂ ಒಳ್ಳೆಯ ಗಿಡವನ್ನು ಆರಿಸಬಹುದು. ಆದರೆ ಅವು ನೆಲೆಗೊಳ್ಳಲು ಹೆಚ್ಚು ವರ್ಷಗಳು ಬೇಕಾಗುತ್ತವೆ.

೪. ಯಾವ ಬೆಳೆಯಲ್ಲಿ ಎಷ್ಟು ಕಾವಲು ಬೇಕು

ಎಲ್ಲ ಬೆಳೆಗಳ ಹೂವೂ ಒಂದೇ ರೀತಿಯಾಗಿ ಫಲಿಸುವುದಿಲ್ಲ. ರಾಗಿ, ಭತ್ತ, ಬಟಾಣಿ, ಟೊಮೇಟೊ ಮೊದಲಾದವುಗಳ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸುತ್ತದೆ. ಇವುಗಳಲ್ಲಿ ಗಿಡಕ್ಕೆ ಗುರುತು ಕಟ್ಟಿ ಬೀಜವನ್ನು ಬೇರೆ ಇಟ್ಟರೆ ಸಾಮಾನ್ಯವಾಗಿ ಸಾಕು. ಬದನೆ, ಮೆಣಸಿನಕಾಯಿ, ಬೆಂಡೆ, ತೊಗರಿಗಳಲ್ಲಿ ದುಂಬಿಗಳಿಂದ ಸ್ವಲ್ಪ ಭಾಗ ಸಂಕರವಾಗುತ್ತದೆ. ಇವುಗಳಲ್ಲಿ ಬೀಜಕ್ಕೆಂದು ಬಿಡುವ ಮೊಗ್ಗುಗಳಿಗೆ, ಅರಳುವ ಮುನ್ನವೇ, ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಬಣ್ಣದ ದಾರವನ್ನು ಕಟ್ಟತಕ್ಕದ್ದು.

ಕುಂಬಳ, ಸೋರೆ, ಹೀರೆ, ಸೌತೆ, ಹಾಗಲಗಳಲ್ಲಿ ಗಂಡು ಹೂ ಹೆಣ್ಣು ಹೂಗಳು ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಎಳೆಯ ಕಾಯಿಯ ಆಕಾರವಿರುತ್ತದೆ. ಕುಂಬಳದಲ್ಲಿ ಮಾರನೆಯ ಬೆಳಿಗ್ಗೆ ಅರಳುವ ಗಂಡು ಮೊಗ್ಗನ್ನೂ ಹೆಣ್ಣು ಮೊಗ್ಗನ್ನೂ ಹಿಂದಿನ ಸಂಜೆಯೇ ನೂಲಿನಿಂದ ಬಿಗಿದು, ಬೆಳಿಗ್ಗೆ ಗಂಡು ಹೂವನ್ನು ಕಿತ್ತು ಎಸಳು ಬಿಡಿಸಿ, ಅದರ ಪರಾಗವನ್ನು ಅದೇ ಬಳ್ಳಿಯ ಹೆಣ್ಣು ಹೂವಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟತಕ್ಕದ್ದು. ಮುಸುಕಿನ ಜೋಳ ಮತ್ತು ಚೆಂಡುಹೂವುಗಳೂ ಪರಪರಾಗದ ಬೆಳೆಗಳೇ. ಇವುಗಳನ್ನು ಒಂದೇ ಗಿಡದಿಂದ ಹಲವು ವರ್ಷ ಬೆಳೆಸಿದರೆ ಸಂತತಿಯು ಸೊರಗುವುದುಂಟು. ಆದ್ದರಿಂದ ಒಂದೇ ಗುಣವುಳ್ಳ ಅನೇಕ ಗಿಡಗಳನ್ನು ಒಟ್ಟಾಗಿ ಬೆಳೆಸಿ ಅವುಗಳೊಳಗೇ ಫಲಿಸಲು ಬಿಡುವುದು ಮೇಲು.

೫. ಗುರುತಿಸಿದ ಗಿಡವನ್ನು ಮೂರು ವರ್ಷ ನಡೆಸುವ ಕ್ರಮ

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ಹಿತ್ತಲಿನ ಮುಳ್ಳುಬದನೆಯ ಐವತ್ತು ಗಿಡಗಳ ನಡುವೆ ಒಂದು ಗಿಡದ ಎಲೆಯ ಮೇಲಾಗಲಿ ಕಾಯಿಯ ತೊಟ್ಟಿನ ಮೇಲಾಗಲಿ ಮುಳ್ಳಿಲ್ಲದೆ ಇರುವುದು ಕಂಡುಬಂದಿತೆಂದು ಇಟ್ಟುಕೊಳ್ಳಬಹುದು.

ಮೊದಲನೆಯ ವರ್ಷ: ಗಿಡದ ಪಕ್ಕದಲ್ಲಿ ಗೂಟ ನೆಟ್ಟು ಬಣ್ಣದ ಬಟ್ಟೆಯನ್ನು ಕಟ್ಟತಕ್ಕದ್ದು. ಕಾಯಿ ಕೀಳುವ ಮನೆಯವರೆಲ್ಲರಿಗೂ, ಮುಖ್ಯವಾಗಿ ಬೀಜವನ್ನು ಜೋಪಾನ ಮಾಡುವ ಹೆಣ್ಣುಮಕ್ಕಳಿಗೂ, ಈ ಗಿಡದ ಸಂಗತಿಯನ್ನು ತಿಳಿಸತಕ್ಕದ್ದು. ಯಜಮಾನನು ಗುರುತಿಸಿದ ಗಿಡದ ಕಾಯಿಯು ಅರಿಯದವರ ಕೈಯಿಂದ ಹುಳಿಗೆ ಹೋದುದು ಅಪೂರ್ವವೇನಲ್ಲ. ಮೂರು ನಾಲ್ಕು ಮೊಗ್ಗುಗಳಿಗೆ ಚೀಲ ಕಟ್ಟಿ, ಕಚ್ಚಿದ ಕಾಯಿಗಳನ್ನು ಗಿಡದಲ್ಲಿಯೇ ಹಳದಿಯಾಗಿ ಹಣ್ಣಾಗುವವರೆಗೆ ಬಿಟ್ಟು, ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಬೇರೆ ಕುಡಿಕೆಯಲ್ಲಿ ಇಡತಕ್ಕದ್ದು. ಕುಡಿಕೆಯೊಳಗೆ ವರ್ಷ, ಬೆಳೆ, ಭೇದದ ಗುಣ ಇವನ್ನು ಬರೆದ ಚೀಟಿಯಿರಬೇಕು. ನೆನಪನ್ನು ನಂಬಿದ ಬೀಜ ಮರುವರ್ಷಕ್ಕೆ ಯಾವುದೋ ಬೀಜವಾಗುತ್ತದೆ. ಮುಳ್ಳುಳ್ಳ ತಾಯಿತಳಿಯ ಬೀಜವನ್ನೂ ಬೇರೆಯಾಗಿ ತೆಗೆದಿಡತಕ್ಕದ್ದು.

ಎರಡನೆಯ ವರ್ಷ: ಹೊಸ ಬೀಜದಿಂದ ಕಡಮೆಯೆಂದರೆ ಮೂವತ್ತು ಸಸಿಗಳನ್ನು ಒಂದು ಸಾಲಿನಲ್ಲಿಯೂ, ತಾಯಿತಳಿಯ ಸಸಿಗಳನ್ನು ಅದರ ಪಕ್ಕದ ಸಾಲಿನಲ್ಲಿಯೂ, ಒಂದೇ ದಿನ, ಒಂದೇ ಗೊಬ್ಬರ ಕೊಟ್ಟು ನೆಡತಕ್ಕದ್ದು. ಫಲವು ಈ ನಾಲ್ಕರಲ್ಲಿ ಒಂದಾಗಿರುತ್ತದೆ.

(ಅ) ಎಲ್ಲ ಗಿಡಗಳಿಗೂ ಮುಳ್ಳಿಲ್ಲದಿದ್ದರೆ ಗುಣವು ನೆಲೆಗೊಂಡಿದೆ. ಮುಂದಿನ ಪರೀಕ್ಷೆಗೆ ಹೋಗಬಹುದು.

(ಆ) ಸುಮಾರು ಮುಕ್ಕಾಲು ಪಾಲು ಮುಳ್ಳಿಲ್ಲದೆಯೂ ಕಾಲು ಪಾಲು ಮುಳ್ಳುಳ್ಳವಾಗಿಯೂ ಇದ್ದರೆ, ಹೊಸ ಗುಣವು ಮೇಲುಗೈಯಾದ ಜಾತಿಯದು, ಆದರೆ ಇನ್ನೂ ನೆಲೆಗೊಂಡಿಲ್ಲ. ಮುಳ್ಳಿಲ್ಲದ ಗಿಡಗಳ ಬೀಜವನ್ನು ಒಂದೊಂದಾಗಿ ಬೇರೆ ಬೇರೆ ಇಟ್ಟು ಬೇರೆ ಬೇರೆ ಸಾಲುಗಳಲ್ಲಿ ಬಿತ್ತಿದರೆ, ಸುಮಾರು ಮೂರರಲ್ಲಿ ಒಂದು ಸಾಲು ಪೂರ್ತಿ ಮುಳ್ಳಿಲ್ಲದುದಾಗಿ ಬರುತ್ತದೆ. ಅದೇ ಬೇಕಾದ ಸಾಲು.

(ಇ) ಚೀಲ ಕಟ್ಟದೆ ತೆಗೆದ ಬೀಜದಲ್ಲಿ ಅಲ್ಲೊಂದು ಇಲ್ಲೊಂದು ಮುಳ್ಳಿನ ಗಿಡವಿದ್ದರೆ ಅವು ನೆರೆಯ ಪರಾಗದಿಂದ ಹುಟ್ಟಿದವು. ಹೂವಾಗುವ ಮುನ್ನ ಅವನ್ನು ಕೀಳತಕ್ಕದ್ದು. ಚೀಲ ಕಟ್ಟದ ಬೀಜದಲ್ಲಿ ಎಲ್ಲವೂ ಮುಳ್ಳಿನವೇ ಆದರೂ ಆಸೆ ಬಿಡಬೇಕಾಗಿಲ್ಲ. ಅವುಗಳ ಮೊಗ್ಗಿಗೆ ಚೀಲ ಕಟ್ಟಿ ಮತ್ತೊಂದು ಸಂತತಿ ಬೆಳೆದರೆ, ಮರೆಯಾದ ಗುಣವು ನಾಲ್ಕರಲ್ಲಿ ಒಂದರಂತೆ ಮತ್ತೆ ತೋರಬಹುದು.

(ಈ) ಚೀಲ ಕಟ್ಟಿ ತೆಗೆದ ಬೀಜದಲ್ಲಿಯೂ ಎಲ್ಲವೂ ಮುಳ್ಳಿನವೇ ಆದರೆ, ಮೊದಲು ಕಂಡುದು ನೆಲ ಅಥವಾ ಹವೆಯ ಫಲ. ಅದನ್ನು ಕೈಬಿಡತಕ್ಕದ್ದು.

ಮೂರನೆಯ ವರ್ಷ: ಗುಣವು ನೆಲೆಗೊಂಡಿತೆಂದ ಮಾತ್ರಕ್ಕೆ ತಳಿಯು ಉತ್ತಮವಾಯಿತೆಂದಲ್ಲ. ಮುಳ್ಳಿಲ್ಲವೆಂಬ ಒಂದೇ ಕಾರಣಕ್ಕೆ ಇಳುವರಿ ಕಡಮೆಯಾದ ಬದನೆಯನ್ನು ಬೆಳೆಯುವುದು ಲಾಭವಲ್ಲ. ಹೊಸದನ್ನೂ ತಾಯಿತಳಿಯನ್ನೂ ಪಕ್ಕಪಕ್ಕದ ಸಾಲುಗಳಲ್ಲಿ, ನೆಲದ ಗುಣಭೇದವು ಸರಿದೂಗುವಂತೆ ಎರಡು ಮೂರು ಕಡೆ ನೆಟ್ಟು, ಪ್ರತಿ ಬಿಡಿಸಾಟದ ಕಾಯನ್ನೂ ತೂಗಿ ಬರೆದಿಡತಕ್ಕದ್ದು. ಹುಳುಕಿನ ಪ್ರಮಾಣ, ಬರಗಾಲದಲ್ಲಿ ತಡೆಯುವ ಶಕ್ತಿ, ಬೇಯಿಸಿದಾಗ ರುಚಿ, ಸಂತೆಯಲ್ಲಿ ದೊರೆಯುವ ಬೆಲೆ ಇವುಗಳನ್ನೂ ನೋಡಬೇಕು. ಒಂದು ಒಳ್ಳೆಯ ವರ್ಷವನ್ನೂ ಒಂದು ಕೆಟ್ಟ ವರ್ಷವನ್ನೂ ಕಂಡ ಮೇಲೆಯೇ ತೀರ್ಪು ಕೊಡತಕ್ಕದ್ದು.

೬. ಕೊಂಬೆಯಲ್ಲಿಯೂ ಮರದಲ್ಲಿಯೂ ಕಾಣುವ ಭೇದ

ಕೆಲವು ವೇಳೆ ಭೇದವು ಇಡೀ ಗಿಡದಲ್ಲಿ ಅಲ್ಲದೆ ಒಂದು ಕೊಂಬೆಯಲ್ಲಿ ಮಾತ್ರ ತೋರುತ್ತದೆ. ಕೆಂಪು ದಾಸವಾಳದ ಒಂದು ರೆಂಬೆಯಲ್ಲಿ ಬೇರೆ ಬಣ್ಣದ ಹೂವು ಬಿಡುವುದು ಇಂಥದು. ಇದನ್ನು ಬೀಜದಿಂದ ಉಳಿಸಲಾಗದು. ಆ ರೆಂಬೆಯ ತುಂಡನ್ನೇ ನೆಡಬೇಕು ಅಥವಾ ಕಸಿ ಕಟ್ಟಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ತಾಸಗಾಂವಿನಲ್ಲಿ, ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯಲ್ಲಿ ತೋರಿದ ಇಂಥ ಭೇದವನ್ನು ಕಡ್ಡಿಯಿಂದಲೇ ವೃದ್ಧಿಪಡಿಸಿ ತಾಸ್-ಎ-ಗಣೇಶ್ ಎಂಬ ತಳಿಯನ್ನು ಪಡೆದರು. ಬಾಳೆಯಲ್ಲಿ ಭೇದ ಕಂಡರೆ ಆ ಬುಡದ ಕಂದುಗಳನ್ನೇ ಬೇರೆ ನೆಟ್ಟು ನೋಡತಕ್ಕದ್ದು.

ಹಲಸು ಮಾವುಗಳಲ್ಲಿ ಬೀಜದಿಂದ ಎದ್ದ ಮರಗಳು ಸಾಮಾನ್ಯವಾಗಿ ಒಂದರಂತೆ ಒಂದಿರುವುದಿಲ್ಲ. ಆದ್ದರಿಂದ ಹಿತ್ತಲಿನ ಪ್ರತಿಯೊಂದು ಬೀಜದ ಮರವೂ ಒಂದು ಪರೀಕ್ಷೆಯೇ. ತುಮಕೂರು ಜಿಲ್ಲೆಯ ಚೇಳೂರಿನ ತೋಟವೊಂದರಲ್ಲಿದ್ದ ಹಲಸಿನ ಮರವು ಸುಮಾರು ಎರಡೂವರೆ ಕಿಲೋ ತೂಕದ ಚಿಕ್ಕ ಹಣ್ಣುಗಳನ್ನೂ ತಾಮ್ರದಂಥ ಕೆಂಪು ತೊಳೆಗಳನ್ನೂ ಕೊಡುತ್ತಿತ್ತು. ೨೦೧೭ರಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮರದ ಯಜಮಾನರೊಡನೆ ಒಪ್ಪಂದ ಮಾಡಿಕೊಂಡು ಅದರ ಕಸಿಗಿಡಗಳನ್ನು ಸಿದ್ದು ಎಂಬ ಹೆಸರಿನಿಂದ ಹರಡಿತು. ಆ ಮರವನ್ನು ಮರಮುಟ್ಟಿಗೆಂದು ಕಡಿದಿದ್ದರೆ ಆ ಹಣ್ಣೂ ಹೋಗುತ್ತಿತ್ತು, ಯಜಮಾನರಿಗೆ ದೊರೆತ ಆದಾಯವೂ ಹೋಗುತ್ತಿತ್ತು.

ನೇರವಾಗಿ ಪ್ರಯೋಜನಕ್ಕೆ ಬಾರದ ಭೇದವೂ ಕೆಲವು ವೇಳೆ ಬೆಲೆಯುಳ್ಳದ್ದಾಗಿರುತ್ತದೆ. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ದೊರೆತ ಗಿಡ್ಡ ಅಡಕೆಯು ಸ್ವಾಭಾವಿಕವಾದ ಉತ್ಪರಿವರ್ತನೆ. ಅದರ ಅಡಕೆಯು ಮಾರಾಟಕ್ಕೆ ಒಳ್ಳೆಯದಲ್ಲ. ಆದರೆ ಮರ ಹತ್ತುವ ಕಷ್ಟವನ್ನೂ ಅಪಾಯವನ್ನೂ ಕಡಮೆಮಾಡುವ ಅದರ ಗಿಡ್ಡತನವನ್ನು ಉಪಯೋಗಿಸಿ, ವಿಟ್ಲದ ಸಂಶೋಧನಾ ಕೇಂದ್ರದವರು ಹೆಚ್ಚು ಫಲ ಕೊಡುವ ತಳಿಗಳೊಡನೆ ಸಂಕರ ಮಾಡಿ ಗಿಡ್ಡ ಅಡಕೆಯ ಹೊಸ ತಳಿಗಳನ್ನು ಪಡೆದಿದ್ದಾರೆ.

೭. ಬೇಕೆಂದೇ ಸಂಕರ ಮಾಡುವುದು

ಒಂದು ತಳಿಯಲ್ಲಿ ಒಂದು ಗುಣವೂ ಇನ್ನೊಂದರಲ್ಲಿ ಮತ್ತೊಂದು ಗುಣವೂ ಇದ್ದರೆ ಎರಡನ್ನೂ ಕೂಡಿಸಲು ಹಿತ್ತಲಿನಲ್ಲಿಯೇ ಯತ್ನಿಸಬಹುದು. ಕಲಿಯುವವರಿಗೆ ಬೆಂಡೆಯು ಸುಲಭ. ಅದರ ಹೂವು ದೊಡ್ಡದು. ಮಾರನೆಯ ದಿನ ಅರಳುವ ಮೊಗ್ಗನ್ನು ಸಂಜೆ ಮೆಲ್ಲಗೆ ಬಿಡಿಸಿ, ಪರಾಗದ ಚೀಲಗಳನ್ನು ಚಿಮುಟದಿಂದ ತೆಗೆದು, ಕಾಗದದ ಚೀಲ ಹೊದಿಸಬೇಕು. ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದರ ತುದಿಗೆ ಸವರಿ ಮತ್ತೆ ಚೀಲ ಕಟ್ಟಬೇಕು. ಹುಟ್ಟಿದ ಮೊದಲ ಸಂತತಿಯು ಒಂದೇ ಸಮನಾಗಿರುತ್ತದೆ. ಅದನ್ನು ಕಂಡು ಹಿಗ್ಗಬಾರದು. ಎರಡನೆಯ ಸಂತತಿಯಲ್ಲಿಯೇ ಗುಣಗಳು ಬಿಡಿಯಾಗಿ ಬೇರೆ ಬೇರೆ ರೀತಿಯಲ್ಲಿ ಕೂಡುವುವು. ಆಗ ಸಾಧ್ಯವಾದಷ್ಟು ಹೆಚ್ಚು ಗಿಡಗಳನ್ನು ಬೆಳೆಸಿ, ಅಲ್ಲಿಂದ ಮೇಲೆ ಹೇಳಿದ ಕ್ರಮದಲ್ಲಿ ಆರಿಸುತ್ತ ಹೋದರೆ ಐದಾರು ಸಂತತಿಗಳಲ್ಲಿ ತಳಿಯು ನೆಲೆಗೊಳ್ಳುತ್ತದೆ.

ಕಿರಣಗಳನ್ನು ಹಾಯಿಸಿ ಉತ್ಪರಿವರ್ತನೆಯನ್ನು ಬೇಕೆಂದೇ ಹೆಚ್ಚಿಸಬಹುದೆಂದು ೧೯೨೭ ಮತ್ತು ೧೯೨೮ರಲ್ಲಿ ಅಮೆರಿಕದ ಪಂಡಿತರು ತೋರಿಸಿದರು. ಅಂದಿನಿಂದ ಅನೇಕ ತಳಿಗಳು ಹಾಗೆ ಹುಟ್ಟಿವೆ; ಟ್ರಾಂಬೆಯ ಕೇಂದ್ರದಿಂದ ಬಂದ ನೆಲಗಡಲೆಯ ತಳಿಗಳು ಇದಕ್ಕೆ ಉದಾಹರಣೆ. ಆದರೆ ಅದು ಸಂಶೋಧನಾಲಯಗಳ ಕೆಲಸ. ಅದಕ್ಕೆಂದು ಉಪಯೋಗಿಸುವ ರಾಸಾಯನಿಕಗಳು ಉಗ್ರವಾದ ವಿಷಗಳು; ಮನೆಯಲ್ಲಿ ಎಂದಿಗೂ ಅವನ್ನು ಮುಟ್ಟತಕ್ಕದ್ದಲ್ಲ. ಹಿತ್ತಲಿನವರಿಗೆ ಕಣ್ಣೇ ಉಪಕರಣ.

೮. ಎಚ್ಚರಿಕೆಯ ಮಾತು

ಕೆಂಟ್ ಕಾಫಿಯ ಕಥೆಗೆ ಒಂದು ಉತ್ತರಭಾಗವಿದೆ. ಕಾಲಕ್ರಮದಲ್ಲಿ ತುಕ್ಕು ರೋಗದ ಬೇರೊಂದು ಬಗೆಯು ಹುಟ್ಟಿ ಆ ತಳಿಯನ್ನೂ ಹಿಡಿಯಿತು. ಗಿಡದಲ್ಲಿ ಹೊಸ ಗುಣ ಹುಟ್ಟುವಂತೆ ರೋಗದಲ್ಲಿಯೂ ಹುಟ್ಟುತ್ತದೆ. ಆದ್ದರಿಂದ ಹೊಸ ತಳಿ ಎಷ್ಟೇ ಚೆನ್ನಾಗಿದ್ದರೂ ಹಳೆಯ ಬೀಜವನ್ನು ಪೂರ್ತಿಯಾಗಿ ಕಳೆದುಕೊಳ್ಳತಕ್ಕದ್ದಲ್ಲ. ಪ್ರತಿವರ್ಷವೂ ಒಂದು ಪಾತಿಯಷ್ಟಾದರೂ ಹಳೆಯದನ್ನು ಬಿತ್ತಿ ಬೀಜವನ್ನು ಹೊಸದಾಗಿಟ್ಟುಕೊಳ್ಳಬೇಕು. ಹಾಗೆಯೇ ನೆಲೆಗೊಳ್ಳದ ಬೀಜವನ್ನು ಆತುರದಿಂದ ನೆರೆಯವರಿಗೆ ಹಂಚತಕ್ಕದ್ದಲ್ಲ. ಕೊಟ್ಟವನ ಮಾತನ್ನು ನಂಬಿ ಎಕರೆಗಟ್ಟಲೆ ಬಿತ್ತಿದವನಿಗೆ ಬೆಳೆ ಹತ್ತು ಬಗೆಯಾಗಿ ಬಂದರೆ, ಆ ವರ್ಷದ ಅನ್ನದೊಡನೆ ಇಬ್ಬರ ನಡುವಿನ ವಿಶ್ವಾಸವೂ ಹೋಗುತ್ತದೆ.

೯. ಗ್ರಾಮದ ಮುಖಂಡರು ಮಾಡಬಹುದಾದ ಕೆಲಸ

ಒಂದು ಹಿತ್ತಲಿನಲ್ಲಿ ಒಳ್ಳೆಯ ಭೇದ ಹುಟ್ಟುವುದು ಅಪೂರ್ವ. ಒಂದು ಗ್ರಾಮದ ಎಲ್ಲ ಹಿತ್ತಲುಗಳನ್ನೂ ಗದ್ದೆ ಹೊಲಗಳನ್ನೂ ಸೇರಿಸಿ ನೋಡಿದರೆ ಅಷ್ಟು ಅಪೂರ್ವವಲ್ಲ. ಆದ್ದರಿಂದ ಮುಖಂಡರು ಕೊಯ್ಲಿಗೆ ಮುನ್ನ ಒಂದು ದಿನವನ್ನು ಗೊತ್ತುಮಾಡಿ, ಬೇರೆಯಾಗಿ ಕಂಡ ಗಿಡ ತೆನೆಗಳನ್ನು ಕೀಳದೆ ತೋರಿಸುವಂತೆ ರೈತರಿಗೂ ಕೂಲಿಯವರಿಗೂ ಶಾಲೆಯ ಮಕ್ಕಳಿಗೂ ತಿಳಿಸುವುದು ಒಳ್ಳೆಯದು. ಕಳೆ ಕೀಳುವವರ ಕಣ್ಣಿಗೆ ಯಜಮಾನನ ಕಣ್ಣಿಗಿಂತ ಮೊದಲು ಇಂಥವು ಬೀಳುತ್ತವೆ. ಕಂಡವರ ಹೆಸರು, ಜಮೀನು, ದಿನ, ಭೇದದ ಗುಣ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಈ ಬರವಣಿಗೆಯು ಮುಂದೆ ಹಕ್ಕಿಗೂ ಆಧಾರವಾಗುತ್ತದೆ. ಭಾರತದಲ್ಲಿ ೨೦೦೧ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ, ರೈತನು ತಾನು ರೂಪಿಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು. ಅದಕ್ಕಾಗಿ ರೈತರಿಂದ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಗಿಡ ಯಾರ ಹಿತ್ತಲಿನದು, ಯಾವ ವರ್ಷ ಕಂಡುಬಂದಿತು ಎಂಬುದಕ್ಕೆ ಲೆಕ್ಕವಿದ್ದರೆ, ಕಂಡವನ ಶ್ರಮವು ಬೇರೊಬ್ಬರ ಹೆಸರಿಗೆ ಹೋಗುವುದಿಲ್ಲ.

೧೦. ಸಾರಾಂಶ

೧) ಬೇರೆಯಾಗಿ ಕಂಡ ಗಿಡವನ್ನು ಕೀಳುವ ಮುನ್ನ ಒಮ್ಮೆ ನಿಂತು ನೋಡತಕ್ಕದ್ದು.
೨) ನೆಲ, ನೆರಳು, ರೋಗ, ಬೆರಕೆ ಇವುಗಳಲ್ಲವೆಂದು ವಿಚಾರಿಸಿಕೊಳ್ಳತಕ್ಕದ್ದು; 
ರೋಗದ ಗಿಡವನ್ನು ಸುಡತಕ್ಕದ್ದು.
೩) ಗೂಟ ನೆಟ್ಟು ಗುರುತು ಕಟ್ಟಿ ಮನೆಯವರಿಗೆಲ್ಲ ತಿಳಿಸತಕ್ಕದ್ದು.
೪) ಬೆಳೆಗೆ ತಕ್ಕಂತೆ ಮೊಗ್ಗಿಗೆ ಚೀಲ ಕಟ್ಟತಕ್ಕದ್ದು.
೫) ಬೀಜವನ್ನು ಬೇರೆ ಕುಡಿಕೆಯಲ್ಲಿ ಚೀಟಿಯೊಡನೆ ಇಡತಕ್ಕದ್ದು.
೬) ಮರುವರ್ಷ ತಾಯಿತಳಿಯ ಪಕ್ಕದಲ್ಲಿ ಬೆಳೆಸಿ ಎಣಿಸತಕ್ಕದ್ದು, ಅದರ ಮರುವರ್ಷ ತೂಗತಕ್ಕದ್ದು.
೭) ನೆಲೆಗೊಳ್ಳುವವರೆಗೆ ಹಂಚತಕ್ಕದ್ದಲ್ಲ, ನೆಲೆಗೊಂಡ ಮೇಲೆ ಬಚ್ಚಿಡತಕ್ಕದ್ದಲ್ಲ.

ಇಂದು ಹೊಲಗಳಲ್ಲಿರುವ ಎಲ್ಲ ನಾಡತಳಿಗಳೂ ಹಿಂದೊಮ್ಮೆ ಯಾರೋ ಒಬ್ಬರ ಕಣ್ಣಿಗೆ ಬಿದ್ದು, ಯಾರೋ ಒಬ್ಬರ ಕುಡಿಕೆಯಲ್ಲಿ ಬೇರೆಯಾಗಿ ಉಳಿದವುಗಳೇ. ಅವರ ಹೆಸರುಗಳು ಉಳಿದಿಲ್ಲ, ಬೀಜ ಉಳಿದಿದೆ. ಮುಂದಿನವರಿಗೆ ಅಂಥದೊಂದು ಬೀಜವನ್ನು ಸೇರಿಸಿ ಕೊಡುವ ಅವಕಾಶವು ಈ ಮುಂಗಾರಿನ ಸಸಿಮಡಿಯಲ್ಲಿಯೂ ಇರಬಹುದು.